ಸಂಬಳವಿಲ್ಲದ ಮಾಲೀಕ

(ದಂಪತಿಯ ಒಪ್ಪಿಗೆ ಪಡೆದು ಬರೆದದ್ದು. ಊರು, ವಯಸ್ಸು, ಸಂಬಂಧಗಳು, ಲೆಕ್ಕದ ಅಂಕಿಗಳನ್ನು ಗುರುತು ಸಿಗದಷ್ಟು ಬದಲಿಸಿದ್ದೇನೆ.)

2025ರ ಜುಲೈ. ಗಂಡ ಹೆಂಡತಿ ಹೊಸನಗರದ ಕಡೆಯಿಂದ ಮೊದಲ ಬಸ್ಸಿಗೆ ಹೊರಟು ಶಿವಮೊಗ್ಗಕ್ಕೆ, ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಬಂದಿದ್ದರು. ಕೊಡೆ ಎಲ್ಲಿಡುವುದು ಎಂದು ಗಂಡ ಬಾಗಿಲಲ್ಲೇ ನಿಂತು ಯೋಚಿಸುತ್ತಿದ್ದಾಗ ಹೆಂಡತಿ ಒಳಗೆ ಬಂದು ಕೂತು ಮಾತು ಶುರು ಮಾಡಿಬಿಟ್ಟರು.

"ಇವ್ರಿಗೆ ಒಂದೂವರೆ ತಿಂಗಳಿಂದ ನಿದ್ದೆ ಇಲ್ಲ ಮೇಡಂ. ರಾತ್ರಿ ಎರಡು ಗಂಟೆಗೆ ಎದ್ದು ಶೆಡ್ಡಿಗೆ ಹೋಗಿ ಕೂತ್ಕೊಳ್ತಾರೆ. ಎದೆ ಬಿಗಿ ಅಂತಾರೆ. ಇಸಿಜಿ ಮಾಡ್ಸಿ ಆಯ್ತು, ಎಂತದೂ ಇಲ್ಲಂತೆ."

ಗಂಡನಿಗೆ ಮೂವತ್ತೆಂಟು. ಬೆಂಗಳೂರಿನ ಕೆಲಸ ಬಿಟ್ಟು ಕೊರೊನಾ ಕಾಲದಲ್ಲಿ ಊರಿಗೆ ಬಂದವರು. 2022ರಲ್ಲಿ ಮುದ್ರಾ ಸಾಲದ ಕಿಶೋರ್ ವಿಭಾಗದಲ್ಲಿ 4 ಲಕ್ಷ ತೆಗೆದು ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುವ ಘಟಕ ಹಾಕಿದ್ದರು. ಎರಡು ಮಷಿನ್ನು, ಕೆಲಸಕ್ಕೆ ಊರಿನ ಇಬ್ಬರು ಹೆಂಗಸರು. ತಿಂಗಳಿಗೆ 8,500 ಕಂತು. ಅವರನ್ನು ಇಲ್ಲಿ ಮಾಲೀಕರು ಎಂದೇ ಕರೆಯುತ್ತೇನೆ. ಆ ಪದ ಕೇಳಿದರೆ ಅವರು ಮುದುಡಿಕೊಳ್ಳುತ್ತಿದ್ದರು. "ಮಾಲೀಕ ಅಂತೆಲ್ಲ ಎಂತದು ಮೇಡಂ, ಸಣ್ಣದೊಂದು ಮಷಿನ್ ಕೆಲಸ."

ಮೊದಲ ಎರಡು ಭೇಟಿಗಳನ್ನು ನಾನು ಸರಿಯಾಗಿ ನಡೆಸಲಿಲ್ಲ ಎಂದು ಈಗ ಅನಿಸುತ್ತದೆ. ನಿದ್ದೆಯ ದಾಖಲೆ ಬರೆಯಿರಿ, ಮಲಗುವ ಮುಂಚೆ ಉಸಿರಾಟದ ಅಭ್ಯಾಸ ಮಾಡಿ ಅಂದೆ. "ಮಾಡ್ತಾ ಇದೀನಿ ಮೇಡಂ, ಎಷ್ಟೋ ವಾಸಿ" ಅಂದರು. ಮೂರನೇ ಸಲ ಹೆಂಡತಿ ನಕ್ಕು ಗುಟ್ಟು ಬಿಟ್ಟುಕೊಟ್ಟರು: ಒಂದು ದಿನವೂ ಮಾಡಿಲ್ಲ. ನನಗೆ ಬೇಜಾರಾಗಬಾರದು ಅಂತ ಹಾಗೆ ಹೇಳಿದ್ದಂತೆ. "ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತಾರಲ್ಲ, ಇವ್ರು ಆ ಜಾತಿ." ಪ್ರಕರಣದ ತುದಿ ನನಗೆ ಸಿಕ್ಕಿದ್ದು ಆ ನಗೆಯಲ್ಲಿ.

ಅದಕ್ಕೂ ಮೊದಲು ಕೇಳಲೇಬೇಕಾದ ಒಂದು ಪ್ರಶ್ನೆ ಇತ್ತು, ಹೆಂಡತಿಯನ್ನು ಹೊರಗೆ ಕೂರಿಸಿ ಕೇಳಿದೆ. ಸಾಯುವ ಯೋಚನೆ ಬರುತ್ತದೆಯೇ? ಬಹಳ ಹೊತ್ತು ಕೊಡೆಯ ಹಿಡಿ ನೋಡುತ್ತಾ ಕೂತರು. "ಸಾಯ್ಬೇಕು ಅಂತಲ್ಲ. ಬೆಳಿಗ್ಗೆ ಎಚ್ಚರ ಆಗದಿದ್ರೆ ಸಾಕು ಅನ್ಸುತ್ತೆ." ಇದನ್ನು ಸುಮ್ಮನೆ ಆಡಿದ ಮಾತು ಎಂದು ಬಿಡುವಂತಿಲ್ಲ. ಅವರ ಒಪ್ಪಿಗೆ ಪಡೆದು ಹೆಂಡತಿಗೆ ತಿಳಿಸಿದೆ. ಅದೇ ವಾರ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿದರು, ಔಷಧಿ ಶುರುವಾಯಿತು. ಶೆಡ್ಡಿನ ಮೂಲೆಯಲ್ಲಿದ್ದ ಮೈಲುತುತ್ತ, ಕಳೆನಾಶಕದ ಡಬ್ಬಿಗಳು ಅಣ್ಣನ ಮನೆಗೆ ಹೋದವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರೇ ಉದ್ರಿ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದುಕೊಂಡರು. ಆ ಪುಸ್ತಕ ಸದಾ ಕೈಯಲ್ಲೇ ಇರುತ್ತೆ ಅಂದರು. ಮುಂದಿನ ಸಲ ಬರುವಾಗ ಅದನ್ನು ತನ್ನಿ ಅಂದೆ.

ತಂದರು. ಇನ್ನೂರು ಪುಟದ ಶಾಲೆಯ ನೋಟ್‌ಬುಕ್ಕು. ಮಳೆಗಾಲದ ಥಂಡಿಗೆ ಅಂಚು ಉಬ್ಬಿತ್ತು. ಬರಬೇಕಾದ ಹಣ ಒಟ್ಟು 2,86,000. ಅದರಲ್ಲಿ 90,000 ಮಂಗಳೂರಿನ ವ್ಯಾಪಾರಿಯೊಬ್ಬರದ್ದು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆಯ ಅಂಶಗಳು ಊಟಕ್ಕೆ ಇಳಿಯಬಹುದು ಎಂಬ ಕಾರಣ ಕೊಟ್ಟು ಹಾಳೆ ತಟ್ಟೆಯ ಆಮದಿಗೆ ತಡೆ ಹಾಕಿದಾಗ ಅವರ ಖರೀದಿ ನಿಂತಿತ್ತು. ಮಾಲೀಕರು ತಮ್ಮ ಕಷ್ಟಕ್ಕೆಲ್ಲ ಅದನ್ನೇ ಕಾರಣವಾಗಿ ಹೇಳುತ್ತಿದ್ದರು. ಆದರೆ ಪುಟ ತಿರುಗಿಸಿದಂತೆ ಉಳಿದ 1,96,000 ಕಾಣಿಸತೊಡಗಿತು: ದೊಡ್ಡಪ್ಪನ ಮಗನ ಗೃಹಪ್ರವೇಶ, ಅಡುಗೆ ಭಟ್ಟರು, ಷಡ್ಡಕನ ಅಂಗಡಿ, ದೇವಸ್ಥಾನದ ಸಮಾರಾಧನೆ, ಮಾವನ ಊರಿನ ಮದುವೆ. ಮೂವತ್ತೊಂದು ಹೆಸರು. ಕೆಲವು 2023ರವು.

"ಇವರಿಗೆಲ್ಲ ಫೋನ್ ಮಾಡ್ತೀರಾ?"

"ಮಾಡ್ತೀನಲ್ಲ, ವಾರಕ್ಕೊಂದ್ಸಲ."

"ಏನಂತೀರಿ?"

ಹೇಳಿ ತೋರಿಸಿ ಅಂದೆ. ನಾನು ಅವರ ಅಣ್ಣಯ್ಯನಾದೆ. "ಹಲೋ ಅಣ್ಣಯ್ಯ, ಆರಾಮಾ? ಮಳೆ ಹೆಂಗಿದೆ? ಔಷಧಿ ಎರಡನೇ ಸಲ ಹೊಡೆದಾಯ್ತಾ? ಕೊಳೆ ಬಂತಾ? ಎಲೆಚುಕ್ಕಿ ನಿಮ್ಮಲ್ಲಿ ಹೆಂಗೆ? ಅತ್ತಿಗೆ ಕಾಲುನೋವು?" ಅಡಿಕೆ ತೋಟದ ರೋಗದಿಂದ ಹಿಡಿದು ಎಲ್ಲ ವಿಚಾರಿಸಿ, "ಸರಿ ಹಾಗಾರೆ, ಇಡ್ತೀನಿ" ಅಂದು ಫೋನು ಕೆಳಗಿಟ್ಟರು. ದುಡ್ಡಿನ ಮಾತೇ ಇಲ್ಲ! "ಅಷ್ಟು ಕೇಳಿದ್ಮೇಲೆ ಅವ್ರಿಗೇ ನೆನಪಾಗ್ಬೇಕಲ್ಲ ಮೇಡಂ?" ಅಂದರು, ಪೂರ್ತಿ ಗಂಭೀರವಾಗಿ.

ಜೊತೆಗೆ ಆ ತಿಂಗಳ ಹೊಸ ಭಯವೊಂದಿತ್ತು. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದ ಸುದ್ದಿ ಟಿವಿಯಲ್ಲಿ ನೋಡಿ ಇವರೂ ಶೆಡ್ಡಿನ ಕ್ಯೂಆರ್ ಹಾಳೆ ಕಿತ್ತುಹಾಕಿದ್ದರು. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಇವರ ವಹಿವಾಟು 9 ಲಕ್ಷ. ಹಾಳೆ ಕಿತ್ತಿದ್ದರಿಂದ ಆದದ್ದು ಇಷ್ಟೇ: ಜೇಬಿನಲ್ಲಿ ನೋಟಿಲ್ಲದೆ ಬಂದವರೂ "ಆಮೇಲೆ ಕೊಡ್ತೀನಿ" ಅಂದು ತಟ್ಟೆ ಹೊತ್ತೊಯ್ದರು. ಪುಸ್ತಕದಲ್ಲಿ ಇನ್ನೂ ನಾಲ್ಕು ಹೆಸರು ಏರಿತು. ತೆರಿಗೆಯ ವಿಷಯದಲ್ಲಿ ನನ್ನ ಮಾತೇ ಕೊನೆಯಲ್ಲ, ಆಡಿಟರ್ ಒಬ್ಬರನ್ನು ಕಾಣಿ ಅಂದೆ. ಕಂಡು ಬಂದು ಮಾರನೇ ದಿನವೇ ಹಾಳೆ ಮತ್ತೆ ಅಂಟಿಸಿದರು.

ನಾಲ್ಕನೇ ಭೇಟಿಯಲ್ಲಿ ಒಂದು ತಟ್ಟೆಯ ಲೆಕ್ಕ ಹಾಕಿದೆವು. ಹತ್ತಿಂಚಿನ ತಟ್ಟೆಗೆ ಹಾಳೆ, ಕೂಲಿ, ಕರೆಂಟು, ಸಾಗಾಟ ಸೇರಿ 2 ರೂಪಾಯಿ 60 ಪೈಸೆ ಬೀಳುತ್ತಿತ್ತು. ಮಾರುತ್ತಿದ್ದದ್ದು 3 ರೂಪಾಯಿಗೆ. ತಿಂಗಳಿಗೆ 25,000 ತಟ್ಟೆ, ಅಂದರೆ ಉಳಿಯುವುದು 10,000. ಕಂತು ಕಳೆದರೆ 1,500. ಅದೂ ಎಲ್ಲರೂ ದುಡ್ಡು ಕೊಟ್ಟರೆ, ಅದೂ ಮದುವೆ ಸೀಸನ್ನಿನಲ್ಲಿ.

"ನಿಮ್ಮ ಸಂಬಳ ಎಷ್ಟು?" ಎಂದು ಕೇಳಿದೆ.

ನಕ್ಕರು. ಶನಿವಾರ ಬಂತೆಂದರೆ ಕೈಸಾಲ ಮಾಡಿಯಾದರೂ ಇಬ್ಬರು ಹೆಂಗಸರಿಗೆ ಕೂಲಿ ಕೊಡುವ ಮನುಷ್ಯ, ಮೂರು ವರ್ಷದಲ್ಲಿ ತನಗೆಂದು ಒಂದು ರೂಪಾಯಿ ಬರೆದುಕೊಂಡಿರಲಿಲ್ಲ. ಮನೆಯ ರೇಷನ್ನು, ಮಗಳ ಫೀಸು, ಡೀಸೆಲ್ಲು ಎಲ್ಲ ಒಂದೇ ಖಾತೆಯಿಂದ. ದುಡ್ಡು ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗದ ಮನೆಯಲ್ಲಿ ಗಂಡ ಹೆಂಡತಿಯ ಮೇಲೆ, ಹೆಂಡತಿ ಗಂಡನ ಮೇಲೆ ಗುಮಾನಿ ಪಡುವುದು ಸಹಜ. ಇಲ್ಲೂ ಅದೇ ನಡೆದಿತ್ತು. ಹೆಂಡತಿಯ ಎರಡು ಬಳೆ ಸೊಸೈಟಿಯಲ್ಲಿ ಅಡವಿದ್ದವು. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಹಾಳೆ ಕೊಂಡು ಅಟ್ಟಕ್ಕೆ ತುಂಬಲು ಆ ದುಡ್ಡು. ಮಳೆ ಹಿಡಿದರೆ ಒಣ ಹಾಳೆ ಸಿಗುವುದಿಲ್ಲ, ಸಿಕ್ಕಿದ್ದಕ್ಕೆ ಬೂಸ್ಟು. ಆಷಾಢದಲ್ಲಿ ಮದುವೆಯೂ ಇಲ್ಲ. ಕಂತಿಗೆ ಮಾತ್ರ ಆಷಾಢವಿಲ್ಲ.

ಕೊಟ್ಟ ಸಲಹೆಗಳಲ್ಲಿ ಹೆಚ್ಚಿನವು ನನ್ನವಲ್ಲ; ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಗೆಳತಿಯೊಬ್ಬರನ್ನು ಕೇಳಿಕೊಂಡು ಹೇಳಿದ್ದು. ಘಟಕಕ್ಕೆ ಬೇರೆ ಖಾತೆ. ಪ್ರತಿ 5ನೇ ತಾರೀಕು ಅದರಿಂದ ಮನೆಯ ಖಾತೆಗೆ 6,000 'ಸಂಬಳ', ಮನೆ ನಡೆಯುವುದು ಅಷ್ಟರಲ್ಲೇ ಮತ್ತು ಹೆಂಡತಿಯ ಹೊಲಿಗೆಯ ದುಡ್ಡಿನಲ್ಲಿ. ತಟ್ಟೆಗೆ 3 ರೂಪಾಯಿ 40 ಪೈಸೆ. ಮುಂದಿನ ಬೇಸಿಗೆಯ ಹಾಳೆಗೆ ಬಳೆಯಲ್ಲ, ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲಕ್ಕೆ ಈಗಲೇ ಅರ್ಜಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಉಚಿತವಾಗಿ ಕೊಡುವ ಉದ್ಯಮ್ ನೋಂದಣಿಯನ್ನು ಮಾಡಿಸಿಕೊಂಡಿರಲಿಲ್ಲ, ಅದು ಅಂದೇ ಮೊಬೈಲಿನಲ್ಲಿ ಆಯಿತು. ಆ ನೋಂದಣಿ ಇರುವ ಸಣ್ಣ ಉತ್ಪಾದಕರಿಗೆ ಖರೀದಿದಾರ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಎನ್ನುತ್ತದೆ ಸಣ್ಣ ಉದ್ಯಮಗಳಿಗೆಂದೇ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ. ನೆಂಟರ ಮೇಲೆ ಕಾಯ್ದೆ ಹಿಡಿದು ಹೋಗಿ ಎಂದು ನಾನು ಹೇಳಲಾರೆ, ಅವರು ಹೋಗುವವರೂ ಅಲ್ಲ. ಆದರೆ ಕೇಳುವುದು ಕೆಟ್ಟತನವಲ್ಲ, ಕಾನೂನೇ ಕೇಳು ಎನ್ನುತ್ತದೆ ಎಂಬುದು ಅವರಿಗೆ ಬೇಕಿತ್ತು. ಆ ಸಾಲನ್ನು ಎರಡು ಸಲ ಓದಿಸಿಕೊಂಡರು.

"ಬ್ಯಾಂಕಿನವ್ರು ಮನೆಗೆ ಬಂದಿದಾರೆ ಅಂತ ಹೇಳಿ ಕೇಳ್ಲಾ?" ಅಂದರು. ಬೇಡ ಅಂದೆ. ಸುಳ್ಳು ನೆಪ ಹೇಳಿದರೆ ಮುಂದಿನ ಸಲಕ್ಕೆ ಇನ್ನೊಂದು ನೆಪ ಹುಡುಕಬೇಕು. ಮೊದಲ ವಾಕ್ಯದಲ್ಲೇ ಮೊತ್ತ, ಎರಡನೆಯದರಲ್ಲಿ ತಾರೀಕು, ಕೊಳೆರೋಗ ಅದಾದ ಮೇಲೆ. ಮೂರು ಭೇಟಿಗಳಲ್ಲಿ ಇದನ್ನೇ ಅಭ್ಯಾಸ ಮಾಡಿದೆವು. ಮೊತ್ತ ಹೇಳುವಾಗ ಪ್ರತಿ ಸಲ ದನಿ ಇಳಿಯುತ್ತಿತ್ತು, ಕಿವಿ ಕೆಂಪಾಗುತ್ತಿತ್ತು.

ಆಗಸ್ಟಿನಲ್ಲಿ ನನ್ನ ಎದುರೇ ನಿಜವಾದ ಫೋನು ಮಾಡಿದರು. "ಅಣ್ಣಯ್ಯ, ಗೃಹಪ್ರವೇಶದ್ದು ಹನ್ನೊಂದು ಸಾವಿರದ ನಾನೂರು ಬರ್ಬೇಕಿತ್ತು. ಚೌತಿಯೊಳಗೆ ಬೇಕಿತ್ತು." ಆ ಕಡೆಯಿಂದ ಜೋರಾಗಿ ಕೇಳಿಸಿತು: "ಅಯ್ಯೋ, ಕೊಟ್ಟೇ ಇಲ್ವೇನಾ? ನೀ ಕೇಳ್ಲೇ ಇಲ್ವಲ್ಲ ಮಾರಾಯ!" ಸಂಜೆಯೊಳಗೆ ಹಣ ಬಂತು. ಎಲ್ಲವೂ ಹೀಗಾಗಲಿಲ್ಲ. ಷಡ್ಡಕ ಮಾತು ಬಿಟ್ಟರು, ಬೇರೆ ಕಡೆ ತಟ್ಟೆ ತರಿಸುತ್ತಿದ್ದಾರೆ. 40 ಪೈಸೆ ಏರಿಸಿದ್ದಕ್ಕೆ ಇಬ್ಬರು ಅಡುಗೆ ಭಟ್ಟರು ಹೋದರು, ಒಬ್ಬರು ಎರಡು ತಿಂಗಳಲ್ಲಿ ವಾಪಸ್ಸು ಬಂದರು. ಷಡ್ಡಕನ ವಿಷಯದಲ್ಲಿ ನಾನು ಅವಸರ ಮಾಡಿಸಿದೆನೇನೋ ಎಂಬ ಅನುಮಾನ ನನಗಿನ್ನೂ ಇದೆ. ಅಕ್ಕ-ತಂಗಿಯರ ನಡುವಿನ ಮಾತು ಅದು, ಹೆಂಡತಿಯನ್ನು ಮೊದಲು ಕೇಳಬೇಕಿತ್ತು.

ಡಿಸೆಂಬರಿನಲ್ಲಿ ಕೊನೆಯ ಭೇಟಿ. ಔಷಧಿಯ ಪ್ರಮಾಣವನ್ನು ವೈದ್ಯರು ಇಳಿಸಿದ್ದರು. ರಾತ್ರಿ ಎದ್ದರೂ ಶೆಡ್ಡಿಗೆ ಹೋಗುವುದಿಲ್ಲವಂತೆ. ಮಂಗಳೂರಿನ 90,000ದಲ್ಲಿ 30,000 ಬಂದಿದೆ. ಪುಸ್ತಕದಲ್ಲಿ ಇನ್ನೂ ಹದಿಮೂರು ಹೆಸರಿವೆ. ನೀಲಿ ಶಾಯಿಯಲ್ಲಿ ಹೊಸದೊಂದು ಪುಟ ಶುರುವಾಗಿತ್ತು, ಮೇಲೆ ತಮ್ಮದೇ ಹೆಸರು, ಕೆಳಗೆ ನಾಲ್ಕು ತಿಂಗಳ 5ನೇ ತಾರೀಕು, ಪ್ರತಿಯೊಂದರ ಮುಂದೆ 6,000. ನವೆಂಬರಿನದ್ದಕ್ಕೆ ಮಾತ್ರ 'ಬಾಕಿ' ಎಂದು ಬರೆದಿತ್ತು.

"ಇದನ್ನ ಯಾವಾಗ ಕೇಳ್ತೀರಿ?" ಅಂತ ಹೆಂಡತಿ ಗಂಡನನ್ನು ಕೇಳಿದರು.