ಕನ್ನಡದಲ್ಲಿ ಹೆಸರಿರುವವರಷ್ಟೇ ಲಾಗ್‌ಔಟ್ ಆಗುತ್ತಿದ್ದಾರೆಯೇ? ಸೆಷನ್ ಟೇಬಲ್ ನೋಡಿ

ಪ್ರಶ್ನೆ: ನಮ್ಮ ಸಹಕಾರ ಸಂಘದ ಸದಸ್ಯರಿಗಾಗಿ ಪಿಎಚ್‌ಪಿಯಲ್ಲಿ ಒಂದು ವೆಬ್‌ಸೈಟ್ ಮಾಡಿದ್ದೇನೆ. ಸೆಷನ್‌ಗಳನ್ನು (ಲಾಗಿನ್ ಆದವರ ತಾತ್ಕಾಲಿಕ ಮಾಹಿತಿ) ಫೈಲ್ ಬದಲು ಮೈಎಸ್‌ಕ್ಯೂಎಲ್ ಟೇಬಲ್‌ನಲ್ಲಿ ಇಡುತ್ತೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ (ಮೈಎಸ್‌ಕ್ಯೂಎಲ್ 8.0) ಎಲ್ಲ ಸರಿ. ಪ್ರೊಡಕ್ಷನ್ ಸರ್ವರ್‌ನಲ್ಲಿ (5.7) ಕೆಲವು ಸದಸ್ಯರು ಲಾಗಿನ್ ಆಗಿ ಎರಡನೇ ಪುಟಕ್ಕೆ ಹೋದರೆ ಮತ್ತೆ ಲಾಗಿನ್ ಪುಟವೇ ಬರುತ್ತದೆ. ಕಚೇರಿಯ ಪರೀಕ್ಷಾ ಖಾತೆಗಳಲ್ಲಿ ಹೀಗೆ ಆಗುವುದೇ ಇಲ್ಲ. ಸದಸ್ಯರ ಪಟ್ಟಿಯಲ್ಲಿ ಕನ್ನಡ ಹೆಸರುಗಳೂ ಸರಿಯಾಗಿಯೇ ಕಾಣುತ್ತವೆ. ಲಾಗ್‌ನಲ್ಲಿ ‘ಫೇಲ್ಡ್ ಟು ಡಿಕೋಡ್ ಸೆಷನ್ ಆಬ್ಜೆಕ್ಟ್’ ಎಂಬ ಎಚ್ಚರಿಕೆ ಇದೆ. ಸೆಷನ್ ಟೇಬಲ್‌ನ ಡೇಟಾ ಕಾಲಂ ‘ಟೆಕ್ಸ್ಟ್’ ಬಗೆಯದು. ಟೇಬಲ್ ಕೂಡ ದಿನೇ ದಿನೇ ಬೆಳೆಯುತ್ತಲೇ ಇದೆ. ಕುಕಿ ಸೆಟ್ಟಿಂಗ್ ಎಲ್ಲ ಬದಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ.
— ಶಿವಮೊಗ್ಗ ಜಿಲ್ಲೆಯ ಓದುಗರು

ಉತ್ತರ: ಕುಕಿಯನ್ನು ಇನ್ನು ಮುಟ್ಟಬೇಡಿ. ಅದರಲ್ಲಿ ದೋಷವಿದ್ದರೆ ಕಚೇರಿಯ ಖಾತೆಗಳಿಗೂ ಇದೇ ಗತಿಯಾಗಬೇಕಿತ್ತು. ದೂರು ಕೊಟ್ಟ ಸದಸ್ಯರ ಹೆಸರು ನಿಮ್ಮ ದಾಖಲೆಯಲ್ಲಿ ಯಾವ ಲಿಪಿಯಲ್ಲಿದೆ ಎಂದು ಮೊದಲು ನೋಡಿ. ಅವರದು ಕನ್ನಡದಲ್ಲೂ ಪರೀಕ್ಷಾ ಖಾತೆಗಳದ್ದು ಇಂಗ್ಲಿಷಿನಲ್ಲೂ ಇದ್ದರೆ ಕಾರಣ ಸಿಕ್ಕಂತೆಯೇ. ನೀವು ಕೊಟ್ಟ ವಿವರಗಳೆಲ್ಲ ಆ ಕಡೆಗೇ ಬೆರಳು ಮಾಡುತ್ತವೆ.

ಆಗುತ್ತಿರುವುದು ಇಷ್ಟು. ಲಾಗಿನ್ ಆದವರ ಹೆಸರನ್ನು ಸೆಷನ್‌ಗೆ ಹಾಕುತ್ತೀರಿ ಅಂದುಕೊಳ್ಳೋಣ. ಉಳಿಸುವ ಮುನ್ನ ಪಿಎಚ್‌ಪಿ ಅದರ ಉದ್ದವನ್ನೂ ಜೊತೆಗೆ ಬರೆಯುತ್ತದೆ, ಅದೂ ಅಕ್ಷರದ ಲೆಕ್ಕದಲ್ಲಲ್ಲ, ಬೈಟ್ ಲೆಕ್ಕದಲ್ಲಿ. ‘ಸವಿತಾ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಗುಡಿಸು, ದೀರ್ಘಗಳು ಬೇರೆಯಾಗಿ ನಿಲ್ಲುವುದರಿಂದ ಅದು 5 ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಹಾಗಾಗಿ ಸೆಷನ್‌ನಲ್ಲಿ ‘ಉದ್ದ 15’ ಎಂದು ಬರೆದು, ಮುಂದೆ ಉದ್ಧರಣ ಚಿಹ್ನೆಯೊಳಗೆ ಹೆಸರು ಕೂರುತ್ತದೆ.

ಈಗ ಅದು ಪ್ರೊಡಕ್ಷನ್‌ನ ಟೆಕ್ಸ್ಟ್ ಕಾಲಂಗೆ ಹೋಗುತ್ತದೆ. ಟೇಬಲ್ ಮಾಡುವಾಗ ಕ್ಯಾರೆಕ್ಟರ್ ಸೆಟ್ (ಯಾವ ಅಕ್ಷರಗಳನ್ನು ಯಾವ ಬೈಟ್‌ಗಳಾಗಿ ಉಳಿಸಬೇಕೆಂಬ ಪಟ್ಟಿ) ಹೇಳದಿದ್ದರೆ ಡೇಟಾಬೇಸ್‌ನ ಡೀಫಾಲ್ಟ್ ಬರುತ್ತದೆ. ಮೈಎಸ್‌ಕ್ಯೂಎಲ್ 5.7ರಲ್ಲಿ ಸರ್ವರ್ ಡೀಫಾಲ್ಟ್ ಲ್ಯಾಟಿನ್1, 8.0ರಲ್ಲಿ ಯುಟಿಎಫ್8ಎಂಬಿ4 (ಯುಟಿಎಫ್-8ರ ಪೂರ್ಣ ರೂಪ). ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ತೊಂದರೆ ಕಾಣದಿದ್ದುದು ಇದರಿಂದಲೇ. ಲ್ಯಾಟಿನ್1ರಲ್ಲಿ ಕನ್ನಡಕ್ಕೆ ಜಾಗವಿಲ್ಲ, ಆದ್ದರಿಂದ ಐದೂ ಸಂಕೇತಗಳು ಐದು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಬರೆದಿಟ್ಟ ಉದ್ದ ಮಾತ್ರ 15 ಆಗಿಯೇ ಉಳಿಯುತ್ತದೆ. ಮುಂದಿನ ಪುಟದಲ್ಲಿ ಪಿಎಚ್‌ಪಿ 15 ಬೈಟ್ ಎಣಿಸುತ್ತಾ ಹೆಸರನ್ನು ದಾಟಿ ಬೇರೆ ಮಾಹಿತಿಯೊಳಕ್ಕೆ ಹೋಗಿಬಿಡುತ್ತದೆ. ಮುಚ್ಚುವ ಚಿಹ್ನೆ ಅಲ್ಲಿ ಸಿಗುವುದಿಲ್ಲ. ಆಗ ಇಡೀ ಸೆಷನ್ ಕೆಟ್ಟಿದೆ ಎಂದು ಅಳಿಸಿಹಾಕುತ್ತದೆ. ನೀವು ಲಾಗ್‌ನಲ್ಲಿ ನೋಡಿದ ಎಚ್ಚರಿಕೆ ಅದೇ.

ಸದಸ್ಯರ ಪಟ್ಟಿ ಸರಿಯಾಗಿರುವುದು ಇದಕ್ಕೆ ವಿರುದ್ಧವಲ್ಲ. ಕ್ಯಾರೆಕ್ಟರ್ ಸೆಟ್ ಟೇಬಲ್‌ನಿಂದ ಟೇಬಲ್‌ಗೆ, ಕಾಲಂನಿಂದ ಕಾಲಂಗೆ ಬೇರೆಯಾಗಬಹುದು.

ಖಚಿತಪಡಿಸಿಕೊಳ್ಳಲು ‘ಶೋ ಕ್ರಿಯೇಟ್ ಟೇಬಲ್’ ಕೊಟ್ಟು ಸೆಷನ್ ಟೇಬಲ್‌ನ ಕ್ಯಾರೆಕ್ಟರ್ ಸೆಟ್ ನೋಡಿ. ಆಮೇಲೆ ಒಂದು ಪರೀಕ್ಷಾ ಖಾತೆಗೆ ಕನ್ನಡದ ಹೆಸರು ಕೊಟ್ಟು ಲಾಗಿನ್ ಆಗಿ, ಬೇರೆ ಪುಟಕ್ಕೆ ಹೋಗದೆ, ಆ ಸಾಲಿನ ಡೇಟಾವನ್ನು ಬೈಟ್‌ಗಳನ್ನೇ ಸಂಕೇತಗಳಲ್ಲಿ ತೋರಿಸುವ ‘ಹೆಕ್ಸ್’ ಫಂಕ್ಷನ್ ಮೂಲಕ ಓದಿ. ಪರದೆಯ ಮೇಲೆ ಕಾಣುವ ಪ್ರಶ್ನಾರ್ಥಕ ಚಿಹ್ನೆಯನ್ನು ನಂಬಬೇಡಿ, ಅದು ಬರೀ ತೋರಿಕೆಯ ದೋಷವೂ ಇರಬಹುದು. ಹೆಕ್ಸ್‌ನಲ್ಲಿ ಕನ್ನಡ ಉಳಿದಿದ್ದರೆ ‘ಇ0 ಬಿ2’ ಅಥವಾ ‘ಇ0 ಬಿ3’ ಮತ್ತೆ ಮತ್ತೆ ಬರುತ್ತದೆ. ಹೆಸರಿನ ಜಾಗದಲ್ಲಿ ‘3ಎಫ್’ (ಪ್ರಶ್ನಾರ್ಥಕ ಚಿಹ್ನೆಯ ಬೈಟ್) ಸಾಲಾಗಿ ನಿಂತಿದ್ದರೆ ಮಾಹಿತಿ ನಿಜವಾಗಿಯೂ ಹೋಗಿದೆ.

ಇಂಥದ್ದು ಸದ್ದಿಲ್ಲದೆ ನಡೆಯುತ್ತಿದೆ ಎಂದರೆ ಸರ್ವರ್‌ನಲ್ಲಿ ಸ್ಟ್ರಿಕ್ಟ್ ಮೋಡ್ (ಹೊಂದದ ಮಾಹಿತಿಯನ್ನು ಉಳಿಸದೆ ದೋಷ ತೋರಿಸುವ ವ್ಯವಸ್ಥೆ) ತೆಗೆದಿರಬೇಕು. 5.7ರಲ್ಲಿ ಅದು ಡೀಫಾಲ್ಟ್ ಆಗಿಯೇ ಇರುತ್ತದೆ, ಹಳೆಯ ಕೋಡ್ ಓಡಲಿ ಅಂತ ತೆಗೆಯುವವರಿದ್ದಾರೆ. ಅದು ಇದ್ದಿದ್ದರೆ ‘ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ’ ಎಂಬ ದೋಷ, ಸಂಖ್ಯೆ 1366, ಮೊದಲ ದಿನವೇ ಬರುತ್ತಿತ್ತು. ಆದರೂ ಪುಟದಲ್ಲಿ ಕಾಣುತ್ತಿರಲಿಲ್ಲವೇನೋ. ಸಾಮಾನ್ಯವಾಗಿ ಪುಟದ ಕೆಲಸವೆಲ್ಲ ಮುಗಿದ ಮೇಲೆಯೇ ಸೆಷನ್ ಬರೆಯಲಾಗುತ್ತದೆ. ಲಾಗ್ ಓದುವುದೊಂದೇ ದಾರಿ.

ಪರಿಹಾರಕ್ಕೆ ಬರೋಣ. ಕಾಲಂ ಅನ್ನು ಯುಟಿಎಫ್8ಎಂಬಿ4ಗೆ ಬದಲಿಸಿದರೆ ಈ ದೂರು ನಿಲ್ಲುತ್ತದೆ, ಆದರೆ ಅದು ಅರ್ಧ ಕೆಲಸ. ಸೆಷನ್ ಡೇಟಾ ಪಠ್ಯವೇ ಅಲ್ಲ, ಬೈಟ್‌ಗಳ ಗಂಟು. ಆಬ್ಜೆಕ್ಟ್‌ನ ಪ್ರೈವೇಟ್ ಗುಣಗಳನ್ನು ಇಟ್ಟರೆ ಅದರಲ್ಲಿ ಶೂನ್ಯ ಬೈಟ್‌ಗಳೂ ಬರುತ್ತವೆ. ಆದ್ದರಿಂದ ಅದಕ್ಕೆ ಬ್ಲಾಬ್ ಬಗೆಯ ಕಾಲಂ ಬೇಕು. ಬ್ಲಾಬ್‌ಗೆ ಕ್ಯಾರೆಕ್ಟರ್ ಸೆಟ್ ಇಲ್ಲ, ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಹಿಂತಿರುಗಿಸುತ್ತದೆ. ನನ್ನ ಸಲಹೆ ಮೀಡಿಯಂಬ್ಲಾಬ್. ಬರೀ ಬ್ಲಾಬ್‌ನ ಮಿತಿ, ನಿಮ್ಮ ಟೆಕ್ಸ್ಟ್ ಕಾಲಂನ ಹಾಗೆಯೇ, 65,535 ಬೈಟ್. ಬರೀ ಕನ್ನಡವಾದರೆ 21,845 ಸಂಕೇತ. ಅರ್ಜಿಯ ವಿವರಗಳನ್ನೆಲ್ಲ ಸೆಷನ್‌ಗೆ ತುಂಬುವ ಅಭ್ಯಾಸವಿದ್ದರೆ ಆ ಮಿತಿ ದಾಟಿ ಬಾಲ ಕತ್ತರಿಸಿಹೋಗುತ್ತದೆ, ಫಲ ಇದೇ ಲಾಗ್‌ಔಟ್. ಸೆಷನ್‌ನಲ್ಲಿ ಸದಸ್ಯರ ಸಂಖ್ಯೆ ಇಟ್ಟು, ಉಳಿದದ್ದನ್ನು ಬೇಕಾದಾಗ ಅವರ ಟೇಬಲ್‌ನಿಂದ ಓದುವುದು ಒಳ್ಳೆಯದು.

ಡೇಟಾವನ್ನು ಬೇಸ್64 (ಬೈಟ್‌ಗಳನ್ನು ಸಾದಾ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆಯುವ ವಿಧಾನ) ಮಾಡಿ ಉಳಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗಾತ್ರ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ, ತಪ್ಪಾದ ಕಾಲಂ ಹಾಗೆಯೇ ಉಳಿಯುತ್ತದೆ.

ಬದಲಾವಣೆಯನ್ನು ಸದಸ್ಯರು ಬಳಸದ ರಾತ್ರಿ ಹೊತ್ತಿನಲ್ಲಿ ಮಾಡಿ. ಸೈಟ್ ನಿಲ್ಲಿಸಿ, ಮೊದಲು ಟೇಬಲ್ ಪೂರ್ತಿ ಖಾಲಿ ಮಾಡಿ (‘ಟ್ರಂಕೇಟ್’), ನಂತರ ಕಾಲಂ ಬದಲಿಸಿ. ತುಂಬಿದ ಟೇಬಲ್ ಬದಲಿಸಲು ಸಮಯ ಹಿಡಿಯುತ್ತದೆ, ಕೆಟ್ಟುಹೋದ ಸೆಷನ್‌ಗಳಂತೂ ರಿಪೇರಿಯಾಗುವುದಿಲ್ಲ. ಎಲ್ಲರೂ ಒಮ್ಮೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ, ಅಷ್ಟೇ. ಇನ್ನು ಮುಂದೆ ಪರೀಕ್ಷಾ ಖಾತೆಗಳಿಗೆ ಒತ್ತಕ್ಷರವಿರುವ ಕನ್ನಡ ಹೆಸರುಗಳನ್ನೇ ಇಡಿ. ತಮ್ಮ ಹೆಸರನ್ನು ತಮ್ಮ ಲಿಪಿಯಲ್ಲಿ ಬರೆದವರೇ ಹೊರಗುಳಿಯುವ ದೋಷ ಕಚೇರಿಯಲ್ಲೇ ಸಿಕ್ಕಬೇಕು.

ಟೇಬಲ್ ಬೆಳೆಯುತ್ತಿರುವುದು ಬೇರೆಯೇ ವಿಷಯ. ಸರ್ವರ್ ಉಬುಂಟು ಅಥವಾ ಡೆಬಿಯನ್ ಆಗಿದ್ದರೆ, ಅಲ್ಲಿನ ಪಿಎಚ್‌ಪಿ ಪ್ಯಾಕೇಜ್‌ನಲ್ಲಿ ‘ಸೆಷನ್ ಜಿಸಿ ಪ್ರಾಬಬಿಲಿಟಿ’ (ಪಿಎಚ್‌ಪಿ ತಾನೇ ಹಳೆಯ ಸೆಷನ್ ಅಳಿಸುವ ಸಂಭವ) 0 ಆಗಿರುತ್ತದೆ. ಹಳೆಯ ಸೆಷನ್ ಅಳಿಸಲು ಅವರು ಬೇರೆ ವ್ಯವಸ್ಥೆ ಇಟ್ಟಿದ್ದಾರೆ, ಅದು ಫೈಲ್‌ಗಳನ್ನಷ್ಟೇ ನೋಡುತ್ತದೆ. ನಿಮ್ಮ ಕೋಡ್‌ನಲ್ಲಿ ಅಳಿಸುವ ಫಂಕ್ಷನ್ ಇದ್ದರೂ ಅದನ್ನು ಯಾರೂ ಕರೆಯುವುದಿಲ್ಲ. ಕೊನೆಯ ಬಳಕೆಯ ಸಮಯವಿರುವ ಕಾಲಂಗೆ ಇಂಡೆಕ್ಸ್ ಹಾಕಿ, ಅವಧಿ ಮೀರಿದ ಸಾಲುಗಳನ್ನು ಅಳಿಸುವ ಕ್ರಾನ್ (ನಿಗದಿತ ಸಮಯಕ್ಕೆ ತಾನಾಗಿ ಓಡುವ) ಕೆಲಸವನ್ನು ಗಂಟೆಗೊಮ್ಮೆ ಓಡಿಸಿ. ಪಿಎಚ್‌ಪಿಯ ಡೀಫಾಲ್ಟ್ ಅವಧಿ 1440 ಸೆಕೆಂಡು, ಅಂದರೆ 24 ನಿಮಿಷ. ಉದ್ದದ ಅರ್ಜಿ ತುಂಬುವ ಸದಸ್ಯರಿಗೆ ಅದು ಸಾಲದು, ಎರಡು ಗಂಟೆಯಾದರೂ ಕೊಡಿ.