ಮೆಡಿಕಲ್‌ಗೆ ಹೆದರಿ ಎದೆನೋವು ಮುಚ್ಚಿಟ್ಟ ಕ್ಯಾಪ್ಟನ್

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಒಬ್ಬ ಪೈಲಟ್ ಮತ್ತು ಅವರ ಹೆಂಡತಿಯ ಕಥೆ ಇದು. ಇವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಮೊದಲು ಬಂದವರು ಹೆಂಡತಿ. ವಿರಾಜಪೇಟೆ ಕಡೆ ಕಾಫಿ ತೋಟ. "ಇವರು ಯಾರ ಹತ್ರಾನೂ ಮಾತಾಡಲ್ಲ ಮೇಡಂ. ಪುತ್ತರಿ ಹಬ್ಬಕ್ಕೆ ಕುಟುಂಬದ ಐನ್‌ಮನೆಗೂ ಬರಲಿಲ್ಲ. ಮೆಡಿಕಲ್ ಫೈಲ್ ಹಿಡ್ಕೊಂಡು ಕೂತಿರ್ತಾರೆ" ಅಂದರು. ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬಂದರು. ವಯಸ್ಸು 63. ಏರ್‌ಫೋರ್ಸ್‌ನಲ್ಲಿ ಶುರು ಮಾಡಿ ಆಮೇಲೆ ಏರ್‌ಲೈನ್ ಸೇರಿದವರು. ಕೊಡಗಿನಲ್ಲಿ ಇದೇನೂ ಅಪರೂಪ ಅಲ್ಲ.

ಅರವತ್ತು ದಾಟಿದ ಏರ್‌ಲೈನ್ ಪೈಲಟ್‌ಗೆ ಆರು ತಿಂಗಳಿಗೊಮ್ಮೆ ಮೆಡಿಕಲ್, ಅಂದರೆ ಹಾರಲು ಫಿಟ್ ಇದ್ದಾರಾ ಅಂತ ನೋಡುವ ಪರೀಕ್ಷೆ ಇರುತ್ತದೆ. ಅಂಥ ಒಂದರಲ್ಲಿ ಟ್ರೆಡ್‌ಮಿಲ್ ಟೆಸ್ಟ್ ಕೈಕೊಟ್ಟಿತು, ಆಂಜಿಯೋಗ್ರಾಂನಲ್ಲಿ ಬ್ಲಾಕ್ ಕಂಡಿತು, ಎರಡು ಸ್ಟೆಂಟ್ ಹಾಕಿದರು, ತಾತ್ಕಾಲಿಕವಾಗಿ ಅನ್‌ಫಿಟ್ ಅಂತ ಬರೆದು ಮನೆಗೆ ಕಳಿಸಿದರು. ಆ 'ತಾತ್ಕಾಲಿಕ'ವೇ ಅವರನ್ನು ಹಿಡಿದು ಕೂರಿಸಿದೆ. ಸ್ಟೆಂಟ್ ಹಾಕಿಸಿಕೊಂಡವರು ಪರೀಕ್ಷೆಗಳೆಲ್ಲ ಸರಿ ಬಂದರೆ ಷರತ್ತಿನ ಮೇಲೆ ಮತ್ತೆ ಹಾರಬಹುದು, ಆದರೆ 65ಕ್ಕೆ ಏರ್‌ಲೈನ್ ಕೆಲಸ ಹೇಗೂ ಮುಗಿಯುತ್ತದೆ.

ಒಂದು ದಿನ ಹೆಂಡತಿ ಹೊರಗೆ ಕೂತಿದ್ದಾಗ ವಿಷಯ ಬಾಯಿಬಿಟ್ಟರು. ತೋಟದ ಏರು ಹತ್ತುವಾಗ ಮತ್ತೆ ಎದೆ ಬಿಗಿಯುತ್ತಿದೆ. ಹಾರ್ಟ್ ಡಾಕ್ಟರಿಗೆ ಹೇಳಿಲ್ಲ. ಹೇಳಿದರೆ ಫೈಲ್‌ಗೆ ಹೋಗುತ್ತದಲ್ವಾ! ಸ್ಟೆಂಟ್‌ಗೂ ಎರಡು ವರ್ಷ ಮೊದಲಿಂದ ಆ ಬಿಗಿತ ಇತ್ತಂತೆ, ಗ್ಯಾಸ್ ಅಂದುಕೊಂಡು ಮಾತ್ರೆ ನುಂಗುತ್ತಿದ್ದರಂತೆ. ನನಗೆ ಇದೇ ಮುಖ್ಯ ಅನ್ನಿಸಿತು. ಡಾಕ್ಟರ್ ಪೆನ್ ಎತ್ತಿದರೆ ಸಂಬಳ ಹೋಗುತ್ತದೆ ಅನ್ನುವ ಭಯದಲ್ಲಿ ಇಡೀ ಜೀವನ ಕಳೆದವರು, ಕೆಲಸ ನಿಂತ ಮೇಲೂ ಡಾಕ್ಟರನ್ನು ಕಂಡರೆ 'ಫೈನ್, ಫೈನ್' ಅನ್ನುವುದನ್ನು ಬಿಡಲ್ಲ.

ನೇರವಾಗಿಯೇ ಹೇಳಿದೆ. "ಸರ್, ನೋವು ಮುಚ್ಚಿಟ್ಟು ಮತ್ತೆ ಕಾಕ್‌ಪಿಟ್‌ಗೆ ಹೋಗ್ತೀನಿ ಅಂದ್ರೆ ಅದಕ್ಕೆ ನನ್ನ ಸಹಾಯ ಇಲ್ಲ. ನಿಮ್ಮ ಹಿಂದೆ ಜನ ಕೂತಿರ್ತಾರೆ. ಲೈಸೆನ್ಸ್ ವಿಷಯ ಆಮೇಲೆ ನೋಡೋಣ. ಈ ವಾರ ಡಾಕ್ಟರಿಗೆ ಎಲ್ಲಾ ಹೇಳಿ, ನಿಮ್ಮವರೂ ಜೊತೆಗಿರಲಿ." ಸಿಟ್ಟು ಬಂತು ಅವರಿಗೆ. ಎದ್ದು ಹೋಗಲಿಲ್ಲ.

ಇನ್ನೊಂದು ಪ್ರಶ್ನೆ, ಕೊಡಗಿನಲ್ಲಿ ನಾನು ಬೇಸರದಲ್ಲಿರುವ ಎಲ್ಲರಿಗೂ ಕೇಳುವುದು: ಸಾಯುವ ಯೋಚನೆ ಬರುತ್ತಾ, ಮನೆಯಲ್ಲಿ ಕೋವಿ ಎಲ್ಲಿದೆ? ಇಲ್ಲಿ ಕೊಡವರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇರುವುದರಿಂದ ಅದು ಸುಮಾರು ಮನೆಗಳಲ್ಲಿ ಇರುತ್ತದೆ, ಕೈಲ್‌ಮುಹೂರ್ತ ಹಬ್ಬಕ್ಕೆ ಪೂಜೆಯೂ ಆಗುತ್ತದೆ, ಹಾಗಾಗಿ ಯಾರಿಗೂ ಅದು ಅಪಾಯ ಅನ್ನಿಸುವುದೇ ಇಲ್ಲ. ಮೊದಲು ನಕ್ಕರು. ಆಮೇಲೆ "ಹಾಗೇನೂ ಇಲ್ಲ, ಆದರೆ ಬೆಳಿಗ್ಗೆ ಯಾಕೆ ಏಳಬೇಕು ಅನ್ಸುತ್ತೆ" ಅಂದರು. ಕೋವಿ ಸದ್ಯಕ್ಕೆ ತಮ್ಮನ ಮನೆಗೆ ಹೋಯಿತು. ಹೃದಯದ ಕಾಯಿಲೆ ಆದ ಮೇಲೆ ಖಿನ್ನತೆ ಬರುವುದು ತುಂಬಾ ಸಾಮಾನ್ಯ, ಅದಕ್ಕೆ ಚಿಕಿತ್ಸೆ ಇದೆ ಅಂತ ಹೇಳಿ ಮನೋವೈದ್ಯರ ಹತ್ತಿರವೂ ಕಳಿಸಿದೆ. ರಾತ್ರಿ ಕಷ್ಟ ಆದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಇಬ್ಬರ ಫೋನ್‌ಗೂ ಹಾಕಿಸಿದೆ.

ಸಿಮ್ಯುಲೇಟರ್‌ನಲ್ಲಿ ಪೈಲಟ್‌ಗಳಿಗೆ ಒಂದು ಅಭ್ಯಾಸ ಮಾಡಿಸುತ್ತಾರೆ. ಪಕ್ಕದವರು ಎರಡು ಸಲ ಕರೆದರೂ ಉತ್ತರ ಕೊಡದಿದ್ದರೆ ಕಂಟ್ರೋಲ್ ನೀವು ತಗೊಳ್ಳಬೇಕು. ಇದನ್ನು ಅವರೇ ವಿವರಿಸಿದ್ದು, ಅದೂ ಖುಷಿಯಿಂದ. ಸರಿ, ತೋಟದಲ್ಲಿ ನಿಮ್ಮ ಪಕ್ಕ ಯಾರು ಅಂತ ಕೇಳಿದೆ. ಯಾರೂ ಇಲ್ಲ, ಫೋನ್ ಮನೆಯಲ್ಲಿ! ಈಗ ಫೋನ್ ಸಿಗ್ನಲ್ ಇರುವ ಕಡೆಯೇ ನಡೆಯುತ್ತಾರೆ, ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗೂ ವಿಷಯ ಗೊತ್ತಿದೆ. ನೋವು ಬಂದರೆ 108ಕ್ಕೆ ಫೋನ್, ಆಂಬುಲೆನ್ಸ್ ತೋಟದ ಒಳಗೆ ಬರಲು ಆಗದಿದ್ದರೆ ಜೀಪ್‌ನಲ್ಲಿ ಮುಖ್ಯರಸ್ತೆವರೆಗೆ, ಆದರೆ ಸ್ಟಿಯರಿಂಗ್ ಅವರು ಮುಟ್ಟುವಂತಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಇರುವುದರಿಂದ ಮಳೆಗಾಲದಲ್ಲಿ ಜಿಗಣೆ ಕಚ್ಚಿದರೆ ರಕ್ತ ಜಾಸ್ತಿ ಹೊತ್ತು ಸೋರುತ್ತದೆ, ಅದಕ್ಕೆ ಹೆದರಿ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ಅಂದೆ. ಹೋದ ಜುಲೈನಲ್ಲಿ ಒಂದು ವಾರ ತಾವೇ ನಿಲ್ಲಿಸಿದ್ದರಂತೆ. ಸ್ಟೆಂಟ್ ಇರುವವರು ಹಾಗೆ ಮಾಡುವುದು ಅಪಾಯ.

ಡಾಕ್ಟರಿಗೆ ಹೇಳಿದರು. ಮಾತ್ರೆ ಬದಲಾಯಿತು, ಬಿಗಿತ ಕಡಿಮೆ ಆಗಿದೆ.

ಕೂಡಿಗೆ ಸೈನಿಕ ಶಾಲೆಯ ಮಕ್ಕಳ ಜೊತೆ ಮಾತಾಡಿ ಅಂತ ಹೇಳಿ ನೋಡಿದೆ. "ಭಾಷಣ ನನ್ನ ಕೈಲಾಗಲ್ಲ" ಅಂದುಬಿಟ್ಟರು. ತೋಟದ ಮಳೆ ಲೆಕ್ಕವನ್ನು ಮಾತ್ರ ತಾವಾಗಿಯೇ ವಹಿಸಿಕೊಂಡಿದ್ದಾರೆ, ದಿನಾ ಬೆಳಿಗ್ಗೆ ಇಂಚು, ಸೆಂಟ್ಸ್ (ಇಂಚಿನ ನೂರನೇ ಭಾಗ) ಬರೆಯುತ್ತಾರೆ, ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಅಂತ ಅಕ್ಕಪಕ್ಕದ ತೋಟದವರು ಇವರನ್ನೇ ಕೇಳುತ್ತಾರೆ. ಲೈಸೆನ್ಸ್‌ಗೆ ಮತ್ತೆ ಪ್ರಯತ್ನಿಸಬೇಕಾ ಬೇಡವಾ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಅದನ್ನು ಅವರೇ ನಿರ್ಧರಿಸಲಿ, ನಿಜ ಹೇಳಿ ನಿರ್ಧರಿಸಲಿ ಅಷ್ಟೇ. ಮುಂದಿನ ತಿಂಗಳು ಇಬ್ಬರೂ ಬರುತ್ತಾರೆ, ಪಂದಿ ಕರಿ (ಹಂದಿಮಾಂಸದ ಸಾರು) ತಿನ್ನಬಹುದಾ ಬೇಡವಾ ಅನ್ನುವ ಜಗಳ ಬಾಕಿ ಇದೆ.