ಬಟ್ಟೆ ಡೈಪರ್ ಕಲೆಗೆ ಮೊದಲು ತಣ್ಣೀರು, ಆಮೇಲೆ ಬಿಸಿಲು

ಕುದಿಯುವ ನೀರಿನಲ್ಲಿ ನೆನೆಹಾಕಿದರೂ ಹಳದಿ ಕಲೆ ಹೋಗುತ್ತಿಲ್ಲ, ಯಾವ ಬ್ಲೀಚ್ ಹಾಕಲಿ ಅಂತ ಕೇಳಿದ್ದೀರಿ. ಮಗು ಹುಟ್ಟಿದ ಹೊಸತರಲ್ಲಿ ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಇತ್ತು. ಬ್ಲೀಚ್ ಹುಡುಕುವುದನ್ನು ಬಿಡಿ. ಕಲೆಯನ್ನು ಕೂರಿಸುತ್ತಿರುವುದು ಆ ಕುದಿಯುವ ನೀರೇ.

ಕಕ್ಕದಲ್ಲಿ ಪ್ರೋಟೀನ್ ಅಂಶ ಇರುತ್ತದೆ. ಅದು ಬಟ್ಟೆಯಲ್ಲಿರುವಾಗಲೇ ಬಿಸಿ ತಾಗಿದರೆ, ಕಾದ ಬಾಣಲೆಗೆ ಮೊಟ್ಟೆ ಹಿಡಿದುಕೊಂಡ ಹಾಗೆ ಎಳೆ ಎಳೆಗೂ ಕಚ್ಚಿಕೊಳ್ಳುತ್ತದೆ. ಬಣ್ಣವೂ ಅದರ ಜೊತೆಗೇ ಉಳಿಯುತ್ತದೆ. ಬಿಸಿನೀರೇ ಬೇಡ ಅಂತಲ್ಲ, ಮೊದಲು ಬೇಡ ಅಷ್ಟೆ. ಬಾಣಂತಿ ಮನೆಯಲ್ಲಿ ಹಂಡೆ ತುಂಬ ಬಿಸಿನೀರು ಸಿದ್ಧವಿರುತ್ತದೆ, ಕೈ ನೇರ ಅಲ್ಲಿಗೇ ಹೋಗುತ್ತದೆ. ಆ ಅವಸರವನ್ನು ತಡೆದರೆ ಅರ್ಧ ಕೆಲಸ ಮುಗಿದಂತೆ.

ಮಗು ಕಕ್ಕ ಮಾಡಿದ ಕೂಡಲೇ ಬಟ್ಟೆಯನ್ನು ಕಮೋಡಿನ ಮೇಲೆ ಹಿಡಿದು ಹೆಲ್ತ್ ಫಾಸೆಟ್‌ನಿಂದ ತಣ್ಣೀರು ಬಿಡಿ. ನೀರು ಕಲೆಯ ಹಿಂಬದಿಯಿಂದ ಬೀಳಬೇಕು. ಮುಂದಿನಿಂದ ಬಿಟ್ಟರೆ ಕಲೆ ಇನ್ನೂ ಒಳಗೆ ಹೋಗುತ್ತದೆ. ಹಿಂಡಿ, ಕಲೆ ಇರುವಲ್ಲಿ ಲಿಕ್ವಿಡ್ ಡಿಟರ್ಜೆಂಟ್ ನಾಲ್ಕು ಹನಿ ಹಾಕಿ ಬೆರಳಲ್ಲೇ ಉಜ್ಜಿ. ಬ್ರಷ್ ಹಾಕಿದರೆ ಬಟ್ಟೆ ಜುಂಗೇಳುತ್ತದೆ. ರಾತ್ರಿಯಿಡೀ ಬಕೆಟ್‌ನಲ್ಲಿ ನೆನೆಸಿಡಬೇಡಿ: ಇಲಾಸ್ಟಿಕ್ ಸಡಿಲವಾಗುತ್ತದೆ, ವಾಸನೆ ಕೂರುತ್ತದೆ. ಮಗು ಅಂಬೆಗಾಲಿಡುವ ಹೊತ್ತಿಗಂತೂ ನೀರು ತುಂಬಿದ ಬಕೆಟ್ ದೊಡ್ಡ ಅಪಾಯ. ಗಾಳಿಯಾಡುವ ಬುಟ್ಟಿಯಲ್ಲಿ ಹಾಕಿಟ್ಟು, ಎರಡು ದಿನದೊಳಗೆ ಒಗೆಯಿರಿ.

ಮೆಷಿನ್‌ನಲ್ಲಿ ಮೊದಲು ತಣ್ಣೀರಿನ ಒಂದು ಚಿಕ್ಕ ಸುತ್ತು, ಆಮೇಲೆ ಪೂರ್ತಿ ಡಿಟರ್ಜೆಂಟ್ ಹಾಕಿ 40 ಡಿಗ್ರಿಯ ದೊಡ್ಡ ಸುತ್ತು. ಇನ್ಸರ್ಟ್ (ಡೈಪರ್ ಒಳಗೆ ಇಡುವ, ಮೂತ್ರ ಹೀರುವ ಬಟ್ಟೆ), ಲಂಗೋಟಿಗಳಿಗೆ ಬೇಕಾದರೆ 60 ಇಡಬಹುದು. ಮಗುವಿನ ಬಟ್ಟೆ ಅಂತ ಪುಡಿ ಚಿಟಿಕೆಯಷ್ಟೇ ಹಾಕುವವರು ಬಹಳ ಜನ. ಬೋರ್‌ವೆಲ್ಲಿನ ಗಡುಸು ನೀರಿಗೆ ಅದು ಏನೇನೂ ಸಾಲದು. ಫ್ಯಾಬ್ರಿಕ್ ಕಂಡಿಷನರ್ ಮಾತ್ರ ಖಂಡಿತ ಬೇಡ, ಅದು ಎಳೆಗೆ ಪದರ ಕಟ್ಟಿ ಬಟ್ಟೆ ಮೂತ್ರ ಹೀರದಂತೆ ಮಾಡುತ್ತದೆ.

ಉಳಿದ ಹಳದಿಗೆ ಬಿಸಿಲೇ ಮದ್ದು. ಎದೆಹಾಲು ಕುಡಿಯುವ ಮಗುವಿನ ಕಕ್ಕದ ಹಳದಿ ಬಹುಮಟ್ಟಿಗೆ ಬಿಲಿರುಬಿನ್ ಎಂಬ ಪಿತ್ತದ ಬಣ್ಣದ್ದು. ಅದು ಬೆಳಕಿಗೆ ಒಡೆಯುತ್ತದೆ. ಕಾಮಾಲೆಯಾದ ಕೂಸನ್ನು ಆಸ್ಪತ್ರೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸುವುದು ಇದೇ ಕಾರಣಕ್ಕೆ. ಒದ್ದೆ ಬಟ್ಟೆಯನ್ನೇ ಕಲೆ ಮೇಲೆ ಬರುವಂತೆ ಹರಡಿ. ಒಣಗಿದ ಮೇಲೂ ಕಂಡರೆ ನೀರು ಚಿಮುಕಿಸಿ ಮತ್ತೆ ಹಾಕಿ. ಬಿಳಿ ಹತ್ತಿ ಬಟ್ಟೆಯಾದರೆ ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ ಸವರಿ, ಆಮೇಲೆ ಚೆನ್ನಾಗಿ ಜಾಲಿಸಿ. ಪಿಯುಎಲ್ ಕವರ್‌ಗಳಿಗೆ (ನೀರು ಸೋರದಂತೆ ಪ್ಲಾಸ್ಟಿಕ್ ಪದರ ಹಚ್ಚಿದ ಹೊರಕವಚ) ಸುಡುಬಿಸಿಲಿನಲ್ಲಿ ಒಂದೆರಡು ಗಂಟೆ ಸಾಕು, ಹೆಚ್ಚಾದರೆ ಪದರ ಬಿರಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲೂ ಮೋಡದ ಬೆಳಕು ಕೆಲಸ ಮಾಡುತ್ತದೆ, ನಿಧಾನಕ್ಕೆ.

ಕ್ಲೋರಿನ್ ಬ್ಲೀಚ್ ಯಾಕೆ ಬೇಡ ಅಂದರೆ, ಮೂತ್ರದ ಅಮೋನಿಯಾ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ. ನೀರಿನಲ್ಲಿ ಕಬ್ಬಿಣದಂಶ ಇದ್ದರೆ ಬಟ್ಟೆ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಹಠದ ಕಲೆಗೆ ಕ್ಲೋರಿನ್ ಇಲ್ಲದ ಆಕ್ಸಿಜನ್ ಬ್ಲೀಚ್ ಪುಡಿ ಸಾಕು: ತೊಳೆದ ಬಟ್ಟೆಯನ್ನು ಪ್ಯಾಕೆಟ್ ಮೇಲಿನ ಅಳತೆಯಂತೆ ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿಯುವ ಉಪಾಯ ನಂಬಬೇಡಿ. ನೊರೆ ಬಂದರೂ ಒಂದರ ಗುಣವನ್ನು ಇನ್ನೊಂದು ಕಳೆದುಬಿಡುತ್ತದೆ.

ಕಲೆ ಕೂರದಂತೆ ತಡೆಯಲು ಕಕ್ಕದ ಹೊತ್ತಿಗೆ ಡೈಪರ್ ಮೇಲೆ, ಮಗುವಿನ ಮೈಗೆ ತಾಗುವಂತೆ, ತೆಳು ಲೈನರ್ ಹಾಸಿ. ಜಿಂಕ್ ಆಕ್ಸೈಡ್ ಕ್ರೀಮ್ ಹಚ್ಚಿದ ದಿನ ಲೈನರ್ ಬೇಕೇ ಬೇಕು; ಅದರ ಜಿಡ್ಡು ಹತ್ತಿದರೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಜ್ಜಿದರೇ ಬಿಡುವುದು. ಒಂದು ಮಾತು ಒಪ್ಪಿಕೊಳ್ಳಿ: ಹಳದಿ ಇದ್ದ ಮಾತ್ರಕ್ಕೆ ಬಟ್ಟೆ ಕೊಳಕಲ್ಲ. ಒಣಗಿದ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿಯಿರಿ. ವಾಸನೆ ಇಲ್ಲದಿದ್ದರೆ ಮಗುವಿಗೆ ಕಟ್ಟಿ.